ಎರೇಸ್ ಮಾಡೀನಿ, ಇನ್ನ ಚಿಂತಿಲ್ಲ!

ಡ್ಯಾಶ್‌ಬೋರ್ಡ್ ಮೇಲೆ ಹಳದಿ ಬಣ್ಣದ ಚೆಕ್ ಎಂಜಿನ್ ದೀಪ ಇರುತ್ತದಲ್ಲ, ಅದು ನನ್ನ ನಿದ್ದೆ ಕೆಡಿಸಿದೆ. ಹಳದಿ ಕಂಡರೇ ಆಗುವುದಿಲ್ಲ ಈಗ. ನಿನ್ನೆ ಹೆಂಡತಿ ಚಿತ್ರಾನ್ನ ತಂದಿಟ್ಟಾಗಲೂ ಒಂದು ಕ್ಷಣ ಬೆಚ್ಚಿದೆ.

ನನ್ನದು ಸೆಕೆಂಡ್‌ಹ್ಯಾಂಡ್ ಜರ್ಮನ್ ಕಾರು. ಎಂಜಿನ್‌ಗೆ ಸೂಪರ್‌ಚಾರ್ಜರ್ ಇದೆ. ಟರ್ಬೋ ಆದರೆ ಸೈಲೆನ್ಸರ್‌ಗೆ ಹೋಗುವ ಹೊಗೆಯ ರಭಸಕ್ಕೆ ತಿರುಗುತ್ತದೆ. ಇದು ಹಾಗಲ್ಲ, ಎಂಜಿನ್ ತಿರುಗಿಸುವ ದಪ್ಪ ದಂಡ, ಅಂದರೆ ಕ್ರ್ಯಾಂಕ್‌ಶಾಫ್ಟ್‌ಗೆ ಬೆಲ್ಟ್ ಹಾಕಿಕೊಂಡು ತಿರುಗಿ, ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತದೆ. ಇಂಥ ಬ್ಲೋವರನ್ನು ಅಮೆರಿಕದ ರೂಟ್ಸ್ ಅಣ್ಣತಮ್ಮಂದಿರು 1860ರಲ್ಲೇ ಪೇಟೆಂಟ್ ಮಾಡಿಸಿದ್ದರು. ಅಂಥ ಅಜ್ಜನ ಕಾಲದ ಯಂತ್ರ ಗಟ್ಟಿಮುಟ್ಟಾಗಿದೆ. ಕೈಕೊಟ್ಟಿದ್ದು, ಗಾಳಿ ಎಷ್ಟು ಒತ್ತಿದೆ ಎಂದು ಕಂಪ್ಯೂಟರ್‌ಗೆ ಚಾಡಿ ಹೇಳುವ ಪುಟ್ಟ ಪ್ರೆಶರ್ ಸೆನ್ಸರ್. ಅದಕ್ಕಿರುವುದು ಬರೀ ಮೂರು ವೈರು. ಒಂದರಲ್ಲಿ 5 ವೋಲ್ಟ್ ಬರುತ್ತದೆ, ಒಂದು ಗ್ರೌಂಡ್, ಇನ್ನೊಂದರಲ್ಲಿ ಸುದ್ದಿ ಹೋಗುತ್ತದೆ.

ಪುಣೆಯ ವಾರ್ಜೆಯಿಂದ ಚಾಂದನಿ ಚೌಕ್ ಕಡೆ ಏರು ಹತ್ತುವಾಗ ದೀಪ ಹತ್ತುತ್ತಿತ್ತು. ತಕ್ಷಣ ಕಾರು ಲಿಂಪ್ ಮೋಡ್‌ಗೆ, ಅಂದರೆ ಶಕ್ತಿ ತಗ್ಗಿಸಿಕೊಂಡು ಕುಂಟುವ ಸ್ಥಿತಿಗೆ ಹೋಗುತ್ತಿತ್ತು. ಆಕ್ಸಿಲರೇಟರ್ ಎಷ್ಟು ತುಳಿದರೂ ಅದಕ್ಕೆ ಕೇಳಿಸುತ್ತಿರಲಿಲ್ಲ. ಹಾಲಿನ ಟೆಂಪೊದವನು ನನ್ನನ್ನು ಹಿಂದೆ ಹಾಕಿ, ಮೇಲಿಂದ ಕನಿಕರದಿಂದ ನೋಡಿ ಹೋಗುತ್ತಿದ್ದ.

ನಮ್ಮ ಗ್ಯಾರೇಜಿನ ಮಿಸ್ತ್ರಿ ವಿಜಯಪುರದ ಕಡೆಯವರು. ಅವರ ಹತ್ತಿರ ಕಾರಿನ ಕಂಪ್ಯೂಟರ್‌ನ ದೂರು ಓದುವ ಒಂದು ಸ್ಕ್ಯಾನರ್ ಇದೆ. ಅದನ್ನು ಮೆತ್ತನೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿರುತ್ತಾರೆ. ಮೊದಲು ಕೈ ತೊಳೆಯುತ್ತಾರೆ. ಆಮೇಲೆ ಕನ್ನಡಕ. ಸ್ಕ್ಯಾನರ್‌ನ ವೈರನ್ನು ಸ್ಟೀರಿಂಗ್ ಕೆಳಗೆ ಸಿಕ್ಕಿಸಿ, ಪರದೆ ಮೇಲೆ ಪಿ0108 ಎಂಬ ದೋಷದ ಕೋಡ್ ಬಂದ ಕೂಡಲೇ ಹುಬ್ಬು ಹಾರಿಸುತ್ತಾರೆ. ನಂತರ ಹೆಬ್ಬೆರಳಿನಿಂದ ಒಂದೇ ಒತ್ತು. ದೀಪ ಆರುತ್ತದೆ. ಸ್ಕ್ಯಾನರನ್ನು ಎತ್ತಿ ಹಿಡಿದು ನನಗೆ ತೋರಿಸುತ್ತಾರೆ, ಕೆಲಸದ ಹುಡುಗನಿಗೆ ತೋರಿಸುತ್ತಾರೆ, ಪಂಕ್ಚರ್ ಹಾಕಿಸಲು ಬಂದ ಸ್ಕೂಟರಿನ ಆಂಟಿಗೂ ತೋರಿಸುತ್ತಾರೆ.

"ಹೋತು ನೋಡ್ರಿ ಸಾಹೇಬ್ರ! ಎರೇಸ್ ಮಾಡೀನಿ, ಇನ್ನ ಚಿಂತಿಲ್ಲ."

"ಅಣ್ಣ, ಈ ಕೋಡ್ ಸೆನ್ಸರ್ ಸರ್ಕ್ಯೂಟ್‌ನಲ್ಲಿ ವೋಲ್ಟೇಜ್ ಜಾಸ್ತಿ ಬರ್ತಿದೆ ಅನ್ನೋ ದೂರು. ಸೆನ್ಸರೇ ಇರಬಹುದು, ವೈರ್ ಇರಬಹುದು, ಕನೆಕ್ಟರ್ ಇರಬಹುದು. ಒಮ್ಮೆ ಮೀಟರ್ ಹಿಡಿದು ನೋಡಿ."

"ಅಳಿಸೀನಲ್ರಿ, ಇನ್ನೆಲ್ಲಿ ಇರ್ತದ?"

ಜ್ವರ ಬಂದವನ ಥರ್ಮಾಮೀಟರ್ ಕೊಡವಿ ಡಬ್ಬಿಗೆ ಹಾಕಿ, ವಾಸಿಯಾಯಿತು ಎಂದ ಹಾಗೆ. ನಾನು ದುಡ್ಡು ಕೊಟ್ಟು ಹೊರಡುತ್ತಿದ್ದೆ. ಚಾಂದನಿ ಚೌಕ್ ಏರಿನಲ್ಲಿ ಚಿತ್ರಾನ್ನ ಮತ್ತೆ ಹಾಜರ್. ಮತ್ತೆ ಗ್ಯಾರೇಜು, ಮತ್ತೆ ಕೈ ತೊಳೆಯುವುದು, ಮತ್ತೆ ಹೆಬ್ಬೆರಳು. ಕೊನೆಗೆ ಅವರೇ ಬೇಸತ್ತು "ಸೆನ್ಸರ್ ಹೋಗ್ಯಾದ್ರಿ" ಎಂದು ನಾನಾ ಪೇಠೆಯಿಂದ ಹೊಸದು ತರಿಸಿ ಹಾಕಿದರು. ಅದರ ಬೆಲೆ ಹೆಂಡತಿಗೆ ಇನ್ನೂ ಹೇಳಿಲ್ಲ. ದೀಪ ಮತ್ತೆ ಬಂತು. "ಹೊಸಾದು ನೋಡ್ರಿ, ಇನ್ನ ಸೆಟ್ ಆಗಬೇಕು" ಎಂದರು.

ಬೇರೆ ಗ್ಯಾರೇಜ್ ಇಲ್ಲವಾ ಎಂದು ನೀವು ಕೇಳಬಹುದು. ಬೇಕಾದಷ್ಟಿವೆ. ಆದರೆ ಅಲ್ಲೆಲ್ಲ ಮರಾಠಿಯಲ್ಲಿ ಜಗಳ ಆಡಬೇಕು. ನನ್ನ ಮರಾಠಿ ತರಕಾರಿ ಕೊಳ್ಳುವಷ್ಟಿದೆ, ಸಿಟ್ಟು ಮಾಡಿಕೊಳ್ಳುವಷ್ಟಿಲ್ಲ. ಇವರಾದರೆ ಚಹಾ ಕೈಗಿಟ್ಟು "ನಿಮ್ಮ ಊರಾಗ ಮಳಿ ಹೆಂಗದರಿ?" ಎಂದು ಕೇಳುತ್ತಾರೆ. ಎದುರಿನ ಹೆದ್ದಾರಿಯಲ್ಲಿ ಕೆಎ ನಂಬರಿನ ಲಾರಿಗಳು ಬೆಂಗಳೂರು ಕಡೆ ಹೋಗುತ್ತಿರುತ್ತವೆ. ಇಬ್ಬರೂ ಸುಮ್ನೆ ನೋಡುತ್ತಾ ನಿಲ್ಲುತ್ತೇವೆ. ಬಿಲ್ ನೋಡುವವರೆಗೂ ಸಿಟ್ಟು ನೆನಪಾಗುವುದಿಲ್ಲ.

ಕೊನೆಗೆ ನಾನೇ ಒಂದು ಒಬಿಡಿ ಡಾಂಗಲ್, ಅಂದರೆ ಕಾರಿನ ಸೆನ್ಸರ್‌ಗಳ ಲೆಕ್ಕ ಫೋನಿನಲ್ಲಿ ತೋರಿಸುವ ಪುಟ್ಟ ಸಾಧನ ತರಿಸಿ ಫೋನಿಗೆ ಜೋಡಿಸಿದೆ. ಇಗ್ನಿಷನ್ ಆನ್ ಮಾಡಿ ಎಂಜಿನ್ ಶುರು ಮಾಡದೆ ಇದ್ದರೆ, ಸೆನ್ಸರ್ ಹೊರಗಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಸಮುದ್ರ ಮಟ್ಟದ ಮುಂಬೈಯಲ್ಲಿ ಅದು ಸುಮಾರು 101 ಕಿಲೋಪ್ಯಾಸ್ಕಲ್. ಪುಣೆ ಘಾಟಿ ಹತ್ತಿ ಬರುವ ಊರು, ಸುಮಾರು 560 ಮೀಟರ್ ಎತ್ತರ. ಹಾಗಾಗಿ ಇಲ್ಲಿ 95ರ ಆಸುಪಾಸು. ನನ್ನದು 95 ತೋರಿಸಿತು. ಬಾಗಿಲು ಜೋರಾಗಿ ಹಾಕಿದೆ, 255! ಲೆಕ್ಕ ಹಾಕಿದರೆ ಪಾರ್ಕಿಂಗ್‌ನಲ್ಲಿದ್ದ ಕಾರು 16 ಮೀಟರ್ ನೀರಿನಡಿ ಇರಬೇಕು.

ಅದೇ ಹೊತ್ತಿಗೆ ಭದ್ರಾವತಿಯಿಂದ ಅಮ್ಮನ ಫೋನು.

"ಏನ್ ಮಾಡ್ತಿದೀಯ?"

"ಪ್ರೆಶರ್ ನೋಡ್ತಿದೀನಿ ಅಮ್ಮ."

"ಅಯ್ಯೋ, ಎಷ್ಟಿದೆ?"

"ಒಂದ್ಸಲ 95, ಒಂದ್ಸಲ 255."

"ಫೋನು ಅವಳಿಗೆ ಕೊಡು."

ಅವತ್ತಿನಿಂದ ನನ್ನ ಸಾರಿಗೆ ಉಪ್ಪಿಲ್ಲ.

ಹೊಸ ಸೆನ್ಸರೂ ಹೀಗೇ ಕುಣಿಯುತ್ತದೆ ಎಂದರೆ ವೈರಿನದ್ದೇ ಕಿತಾಪತಿ. ಫೋನ್ ಹಿಡಿದು ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಆಗಲೇ ಕೈ ತೊಳೆಯುತ್ತಿದ್ದರು. ಬಾನೆಟ್ ತೆರೆದಿತ್ತು, ಎಂಜಿನ್ ಓಡುತ್ತಿತ್ತು. ಕೆಲಸದ ಹುಡುಗ ಆ ಕಡೆ ಇಟ್ಟಿದ್ದ ಚಹಾದ ಲೋಟ ತೆಗೆದುಕೊಳ್ಳಲು ಬಗ್ಗಿದ. ಮೊಣಕೈ ವೈರಿನ ಕಟ್ಟಿಗೆ ತಾಗಿತು. ಎಂಜಿನ್ ಕೆಮ್ಮಿತು. ಫೋನಿನಲ್ಲಿ 255. "ಇನ್ನೊಂದ್ಸಲ ಮಾಡಪ್ಪ" ಎಂದೆ. ಮತ್ತೆ ಕೆಮ್ಮಿತು.

ಟೇಪ್ ಬಿಚ್ಚಿದರೆ ಇಲಿ ಕಡಿದ ಗ್ರೌಂಡ್ ವೈರು. ಮಳೆಗಾಲದ ತೇವಕ್ಕೆ ಹಸಿರುಗಟ್ಟಿದ ತಾಮ್ರದ ಒಂದೆರಡು ಎಳೆಯಷ್ಟೇ ಉಳಿದಿತ್ತು. ಅಲುಗಾಡಿದಾಗ ಅದೂ ಬಿಡುತ್ತಿತ್ತು. ಗ್ರೌಂಡ್ ತಪ್ಪಿದರೆ ಸಿಗ್ನಲ್ 5 ವೋಲ್ಟ್ ಹತ್ತಿರ ಜಿಗಿಯುತ್ತದೆ. ಗಾಳಿ ಮಿತಿಮೀರಿ ತುಂಬಿದೆ ಎಂದು ಕಂಪ್ಯೂಟರ್ ಹೆದರಿ ಎಂಜಿನ್ನಿನ ಶಕ್ತಿ ಕಡಿಮೆ ಮಾಡುತ್ತದೆ. ಅದರ ತಪ್ಪೇನೂ ಇಲ್ಲ ಬಿಡಿ.

ಹುಡುಗ ವೈರಿಗೆ ಬೆಸುಗೆ ಹಾಕಿ ಸ್ಲೀವ್ ಏರಿಸಿದ. ಚಹಾ ಆರುವಷ್ಟರಲ್ಲಿ ಕೆಲಸ ಮುಗಿಯಿತು. "ಇಲಿ ಕೆಲಸ ಅಂತ ನಂಗ ಮೊದಲ ಅನ್ಸಿತ್ರಿ" ಎಂದು ಮಿಸ್ತ್ರಿ ಸ್ಕ್ಯಾನರ್ ತೆಗೆದು, ಶಾಸ್ತ್ರಕ್ಕೆಂಬಂತೆ ಇನ್ನೊಮ್ಮೆ ಎರೇಸ್ ಮಾಡಿದರು.

"ಅಣ್ಣ, ಹಾಗಾದ್ರೆ ನನ್ನ ಹಳೇ ಸೆನ್ಸರ್ ಸರಿಯಾಗೇ ಇತ್ತಲ್ವಾ? ಅದನ್ನ ವಾಪಸ್ ಕೊಡಿ."

"ಅದೆಲ್ಲೈತ್ರಿ? ಹ್ವಾದ ವಾರ ಇನ್ನೊಬ್ರ ಗಾಡಿಗೆ ಹಾಕಿದ್ನಿ. ಏನ್ ಮಸ್ತ್ ನಡದದ ಅಂತೀರಿ!"