ಮೆನು ಕಾರ್ಡ್ ಹಿಡಿದವನು ಮೊದಲೋ, ಚೆಂಡು ಹಿಡಿದವನು ಮೊದಲೋ?

2019ರ ಸೆಪ್ಟೆಂಬರ್‌ನಲ್ಲಿ ಅಪ್ಪ ದಾವಣಗೆರೆಯಿಂದ ನಮ್ಮ ಮನೆಗೆ ಬಂದಿದ್ದರು. ನಾವಿರುವುದು ವಿಸ್ಕಾನ್ಸಿನ್‌ನ ಆ್ಯಪಲ್‌ಟನ್‌ನಲ್ಲಿ. ಗ್ರೀನ್ ಬೇ ಇಲ್ಲಿಂದ ಕಾರಲ್ಲಿ ಅರ್ಧ ಗಂಟೆ. ಭಾನುವಾರ ಟಿವಿಯಲ್ಲಿ ಆ ಊರಿನ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಕರ್ಸ್ ಆಟ ಹಾಕಿದ್ದೆ. ಅಪ್ಪ ಹತ್ತು ನಿಮಿಷ ಸುಮ್ನೆ ನೋಡಿದರು. ಆಮೇಲೆ ಕೇಳಿದರು: "ಅಲ್ಲೋ, ಆಡೋರು ಆಡ್ತಿದಾರೆ. ಆ ಮೆನು ಕಾರ್ಡ್ ಹಿಡ್ಕೊಂಡು ಬಾಯಿ ಮುಚ್ಕೊಂಡು ನಿಂತಿದಾನಲ್ಲ, ಅವನನ್ನ ಯಾಕೆ ಪದೇ ಪದೇ ತೋರಿಸ್ತಾರೆ?"

ಅವನು ಕೋಚ್ ಮ್ಯಾಟ್ ಲಫ್ಲೋರ್. ಆ ವರ್ಷವಷ್ಟೇ ಕೆಲಸಕ್ಕೆ ಸೇರಿದ್ದ. ಕೈಯಲ್ಲಿದ್ದದ್ದು ನಿಜಕ್ಕೂ ಮೆನು ಕಾರ್ಡೇ. ಯಾವ ಸಂದರ್ಭಕ್ಕೆ ಯಾವ ನಡೆ ಅಂತ ಸಣ್ಣ ಅಕ್ಷರದಲ್ಲಿ ತುಂಬಿಸಿದ ಹಾಳೆ. ಅದರಲ್ಲಿ ಒಂದನ್ನು ಆರಿಸಿ ಮೈಕಿನಲ್ಲಿ ಹೇಳುತ್ತಾನೆ, ಅದು ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ನ ಹೆಲ್ಮೆಟ್ಟಿನೊಳಗೆ ಕೇಳಿಸುತ್ತದೆ. ಮುಂದಿನ ನಡೆ ಶುರುಮಾಡಲು ಕೊಟ್ಟ ಸಮಯದಲ್ಲಿ 15 ಸೆಕೆಂಡ್ ಉಳಿದಾಗ ಆ ರೇಡಿಯೋ ಕಟ್. ಎದುರಾಳಿಗಳು ತುಟಿ ಓದಬಾರದು ಅಂತ ಬಾಯಿಗೆ ಕಾರ್ಡ್ ಅಡ್ಡ. ಇಷ್ಟನ್ನೂ ಹೇಳಿದ ಮೇಲೆ ಅಪ್ಪ, "ಹಂಗಾದ್ರೆ ಕ್ಯಾಪ್ಟನ್ ಏನ್ ಮಾಡ್ತಾನೆ?" ಅಂದರು. ಕ್ರಿಕೆಟ್ ನೋಡಿ ಬೆಳೆದವರಿಗೆ ಮೊದಲು ಬರುವ ಪ್ರಶ್ನೆಯೇ ಇದು.

ನಮ್ಮಲ್ಲಿ ಗೆದ್ದರೂ ಸೋತರೂ ಕ್ಯಾಪ್ಟನ್ ಹೆಸರು. 1973-74ರಲ್ಲಿ ಕರ್ನಾಟಕ ಮೊದಲ ಸಲ ರಣಜಿ ಗೆದ್ದಾಗ ಕ್ಯಾಪ್ಟನ್ ಎರಪಳ್ಳಿ ಪ್ರಸನ್ನ. ಅದು ನಮ್ಮಪ್ಪನಿಗೆ ಇವತ್ತಿಗೂ ಬಾಯಿಪಾಠ. 2013-14 ಮತ್ತು 2014-15ರಲ್ಲಿ ಎರಡು ವರ್ಷ ಒಂದಾದ ಮೇಲೊಂದು ಗೆದ್ದದ್ದು ವಿನಯ್ ಕುಮಾರ್ ತಂಡ. ಕೋಚ್ ಜೆ. ಅರುಣ್‌ಕುಮಾರ್ ಅಂತ ನೆನಪಿಟ್ಟವರು ಎಷ್ಟು ಜನ? 2025ರಲ್ಲಿ ಆರ್‌ಸಿಬಿ ಕೊನೆಗೂ ಕಪ್ ಎತ್ತಿತು. ಕೊಹ್ಲಿ ಅತ್ತದ್ದು, ಪಾಟೀದಾರ್ ಕಪ್ ಹಿಡಿದದ್ದು ಎಲ್ಲರಿಗೂ ಗೊತ್ತು. ಕೋಚ್ ಆ್ಯಂಡಿ ಫ್ಲವರ್‌ಗೆ ಯಾರೂ ಹಾರ ಹಾಕಿದ ಹಾಗೆ ಕಾಣಲಿಲ್ಲ. ಬೆಂಗಳೂರಲ್ಲಿ ಅನಿಲ್ ಕುಂಬ್ಳೆ ಸರ್ಕಲ್ ಇದೆ. ಯಾವುದಾದರೂ ಕೋಚ್ ಹೆಸರಿನ ಸರ್ಕಲ್ ನಾನಂತೂ ಕಂಡಿಲ್ಲ. ಇಲ್ಲಿ ಕ್ರೀಡಾಂಗಣಕ್ಕೇ ಕೋಚ್ ಲ್ಯಾಂಬೋ ಹೆಸರು. ಪಕ್ಕದ ದೊಡ್ಡ ರಸ್ತೆಗೆ ಕೋಚ್ ಲೊಂಬಾರ್ಡಿ ಹೆಸರು. ಅಡ್ಡರಸ್ತೆಗಳಿಗೆ ಹೋಮ್‌ಗ್ರೆನ್, ಮೆಕಾರ್ಥಿ ಹೆಸರು, ಅವರೂ ಕೋಚ್‌ಗಳೇ.

ಇನ್ನೊಂದು ವ್ಯತ್ಯಾಸ, ಇಲ್ಲಿಯವರ ನಂಬರ್ ಹಾಕುವ ಚಾಳಿ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಜ್ಜ ಇದ್ದಾರೆ. ಕಾಗದದ ಮಿಲ್ಲಿನಲ್ಲಿ ದುಡಿದು ನಿವೃತ್ತರಾದವರು. ಪ್ಯಾಕರ್ಸ್ ತಂಡದ ಒಂದು ಷೇರು ಅವರ ನಡುಮನೆಯಲ್ಲಿ ಚೌಕಟ್ಟು ಹಾಕಿಸಿಕೊಂಡು ಕೂತಿದೆ. ಈ ತಂಡಕ್ಕೆ ಶ್ರೀಮಂತ ಮಾಲೀಕನಿಲ್ಲ. 1923ರಿಂದ ಇದು ಜನರ ಸೊತ್ತು. ಈಗ ಷೇರುದಾರರು ಐದು ಲಕ್ಷಕ್ಕೂ ಜಾಸ್ತಿ. ಲಾಭಾಂಶ ಅಂತ ಒಂದು ಪೈಸೆ ಬರುವುದಿಲ್ಲ. ಲಕ್ಷ ಚಿಲ್ಲರೆ ಜನರ ಊರೊಂದು ನ್ಯೂಯಾರ್ಕ್, ಷಿಕಾಗೋ ಜೊತೆ ಸೆಣಸಾಡಿಕೊಂಡು ಬಂದಿರುವುದು ಇದರಿಂದಲೇ. ಮಾಲೀಕತ್ವ ಅಂದಮೇಲೆ ಅಭಿಪ್ರಾಯ ಇರಲೇಬೇಕಲ್ವಾ? ಅಜ್ಜ ಪ್ರತಿ ವರ್ಷ ಸೀಸನ್ ಶುರುವಾಗುವ ಮುಂಚೆ ಎರಡು ಪಟ್ಟಿ ಬರೆದು ಫ್ರಿಜ್ಜಿಗೆ ಅಂಟಿಸುತ್ತಾರೆ. ಒಂದು ಕೋಚ್‌ಗಳದು, ಇನ್ನೊಂದು ಕ್ವಾರ್ಟರ್‌ಬ್ಯಾಕ್‌ಗಳದು.

ಅಪ್ಪನಿಗೆ ಇದು ಒಂಥರಾ ಅಪಚಾರ ಅನ್ನಿಸಿತು. "ಪ್ರಸನ್ನ ದೊಡ್ಡವನೋ ಚಂದ್ರಶೇಖರ್ ದೊಡ್ಡವನೋ ಅಂತ ಯಾರಾದ್ರೂ ಕೇಳ್ತಾರೇನೋ? ದೇವರ ಫೋಟೋಗೆ ನಂಬರ್ ಹಾಕ್ತಾರಾ?" ಅಂದರು. ನಾನು ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ಅಜ್ಜ ತಣ್ಣಗೆ ಕೇಳಿದರು: "ಸರಿ, ದೀಪ ಮೊದಲು ಯಾವ ಫೋಟೋಗೆ ಹಚ್ಚುತ್ತೀರಿ?" ಅಪ್ಪ ಕಾಫಿ ಕುಡಿದರು.

ನಾನು ಅಜ್ಜನ ಕಡೆ. ನಮ್ಮ "ಅವರವರ ಕಾಲಕ್ಕೆ ಅವರವರು ದೊಡ್ಡವರು" ಅನ್ನುವ ಮಾತಿನಲ್ಲಿ ಮರ್ಯಾದೆ ಎಷ್ಟಿದೆಯೋ ಸೋಮಾರಿತನವೂ ಅಷ್ಟೇ ಇದೆ. ನಂಬರ್ ಹಾಕಲು ಕೂತರೆ ಮೊದಲ ಇಬ್ಬರು ಗೊತ್ತಿದ್ದರೆ ಸಾಲದು. ಆರನೆಯವನೂ ಗೊತ್ತಿರಬೇಕು, ಹತ್ತನೆಯವನು ಯಾಕೆ ಸೋತ ಅಂತಲೂ ಗೊತ್ತಿರಬೇಕು. ಆದರೆ ಅಜ್ಜ ಎರಡು ಬೇರೆ ಬೇರೆ ಪಟ್ಟಿ ಮಾಡುವುದರಲ್ಲಿ ನನಗೆ ತಕರಾರಿದೆ. ಇವರೆಲ್ಲ ಜೋಡೆತ್ತುಗಳು. ಒಂದನ್ನು ಬಿಟ್ಟು ಇನ್ನೊಂದರ ಬೆಲೆ ಕಟ್ಟಲು ಆಗುವುದಿಲ್ಲ.

ಕೋಚ್‌ಗಳಿಂದಲೇ ಶುರು ಮಾಡೋಣ. ಕರ್ಲಿ ಲ್ಯಾಂಬೋ 1919ರಲ್ಲಿ ಈ ತಂಡ ಕಟ್ಟಿದವರಲ್ಲಿ ಒಬ್ಬ. ಅಂಗಿ ಹೊಲಿಸಲು 500 ಡಾಲರ್ ಕೊಟ್ಟದ್ದು ಅವನು ಕೆಲಸ ಮಾಡುತ್ತಿದ್ದ ಇಂಡಿಯನ್ ಪ್ಯಾಕಿಂಗ್ ಕಂಪನಿ. ಹೆಸರು ನೋಡಿ ನಮ್ಮೂರ ಕನ್ನಡ ಬಳಗದಲ್ಲಿ ಒಬ್ಬರು ಹಿಗ್ಗಿದ್ದರು. ಇಲ್ಲ ಸಾರ್, ಅದು ಮಾಂಸ ಡಬ್ಬಿಗೆ ತುಂಬುವ ಕಂಪನಿ, ನಮಗೂ ಅದಕ್ಕೂ ಸಂಬಂಧವಿಲ್ಲ. ಮೊದಲು ಆಟಗಾರನೂ ಕೋಚೂ ಆಗಿ, ಆಮೇಲೆ ಬರೀ ಕೋಚಾಗಿ ಲ್ಯಾಂಬೋ 1949ರವರೆಗೆ ಇದ್ದ. ಆರು ಸಲ ಚಾಂಪಿಯನ್. 1929ರಿಂದ 1931ರವರೆಗೆ ಮೂರು ವರ್ಷ ಸಾಲಾಗಿ. ಎಲ್ಲರೂ ಚೆಂಡು ಹೊತ್ತು ಗುದ್ದಾಡುತ್ತಿದ್ದ ಕಾಲದಲ್ಲಿ ಅದನ್ನು ಗಾಳಿಯಲ್ಲಿ ಎಸೆಯುವ ಆಟ ಬೆಳೆಸಿದವರಲ್ಲಿ ಅವನೊಬ್ಬ.

ವಿನ್ಸ್ ಲೊಂಬಾರ್ಡಿ ಗೆದ್ದದ್ದು ಐದು. ಲೆಕ್ಕ ನೋಡಿದರೆ ಆರು ದೊಡ್ಡದು. ಆದರೆ ಲ್ಯಾಂಬೋಗೆ ಎನ್‌ಎಫ್‌ಎಲ್ ಅನ್ನುವ ಈ ಆಟದ ದೊಡ್ಡ ಲೀಗ್‌ನಲ್ಲಿ 29 ಸೀಸನ್ ಸಿಕ್ಕಿದ್ದವು. ಲೊಂಬಾರ್ಡಿ ಇದ್ದದ್ದು ಒಂಬತ್ತೇ. ಬಂದಾಗ ಸಿಕ್ಕಿದ್ದೇನು? 1958ರಲ್ಲಿ 12 ಆಟದಲ್ಲಿ ಒಂದೇ ಒಂದು ಗೆದ್ದಿದ್ದ ತಂಡ. ಮೊದಲ ವರ್ಷವೇ 7 ಗೆಲುವು. ಎರಡನೇ ವರ್ಷ ಫೈನಲ್, ಅಲ್ಲಿ ಫಿಲಡೆಲ್ಫಿಯಾ ಎದುರು ಸೋಲು. ಪ್ಲೇಆಫ್‌ನಲ್ಲಿ ಅವನು ಸೋತದ್ದು ಅದೊಂದೇ. ಚಾಂಪಿಯನ್ ಆದದ್ದು 1961, 62, 65, 66, 67ರಲ್ಲಿ. ಸೀಸನ್ನಿನ ಕಟ್ಟಕಡೆಯ ಆಟವಾದ ಸೂಪರ್ ಬೌಲ್‌ಗಳಲ್ಲಿ ಮೊದಲ ಎರಡೂ ಇದರಲ್ಲೇ ಸೇರಿವೆ. ಇವತ್ತು ಯಾವ ಊರಿನ ತಂಡ ಸೂಪರ್ ಬೌಲ್ ಗೆದ್ದರೂ ಎತ್ತುವ ಟ್ರೋಫಿಗೆ ಲೊಂಬಾರ್ಡಿ ಹೆಸರು. ನನ್ನ ಪಟ್ಟಿಯಲ್ಲಿ ಅವನೇ ಒಂದು, ಲ್ಯಾಂಬೋ ಎರಡು. ಇದರಲ್ಲಿ ಅಜ್ಜನಿಗೂ ನನಗೂ ಜಗಳವಿಲ್ಲ. ಲ್ಯಾಂಬೋನ ಕೊನೆಯ ಎರಡು ವರ್ಷ ಸೇರಿಸಿದರೆ ಐದೇ ಗೆಲುವು ಅಂತ ಅಜ್ಜ ಒಂದಿಷ್ಟು ಮಾರ್ಕ್ಸೂ ಕಳೆಯುತ್ತಾರೆ.

ಮೂರು ಮತ್ತು ನಾಲ್ಕರಲ್ಲಿ ಜಗಳ. ಮೈಕ್ ಹೋಮ್‌ಗ್ರೆನ್ ಮತ್ತು ಮೈಕ್ ಮೆಕಾರ್ಥಿ ಇಬ್ಬರೂ ತಲಾ ಒಂದು ಸೂಪರ್ ಬೌಲ್ ಗೆದ್ದವರು. ಮೆಕಾರ್ಥಿ 13 ವರ್ಷ ಇದ್ದ, ಗೆಲುವು ಎಷ್ಟೋ ಜಾಸ್ತಿ. ಆದರೂ ನಾನು ಹೋಮ್‌ಗ್ರೆನ್‌ನನ್ನು ಮೇಲಿಡುತ್ತೇನೆ. ಲೊಂಬಾರ್ಡಿ ಬಿಟ್ಟ ಮೇಲೆ 1968ರಿಂದ 1991ರವರೆಗೆ ಈ ತಂಡ ಪ್ಲೇಆಫ್ ಕಂಡದ್ದು ಎರಡೇ ಸಲ. ಆ ಬರಗಾಲ ಮುಗಿಸಿದ್ದು ಹೋಮ್‌ಗ್ರೆನ್. ಮೆಕಾರ್ಥಿಗೆ ಆ್ಯರನ್ ರಾಜರ್ಸ್‌ನಂಥ ಕ್ವಾರ್ಟರ್‌ಬ್ಯಾಕ್ ಹತ್ತು ವರ್ಷಕ್ಕೂ ಜಾಸ್ತಿ ಸಿಕ್ಕಿದ. ಸೂಪರ್ ಬೌಲ್‌ಗೆ ಹೋದದ್ದು ಒಂದೇ ಸಲ. 2015ರ ಜನವರಿಯಲ್ಲಿ ಸಿಯಾಟಲ್‌ನಲ್ಲಿ ಕೊನೆಯ ಐದು ನಿಮಿಷದವರೆಗೆ 19-7 ಮುಂದಿದ್ದು 28-22ರಲ್ಲಿ ಸೋತದ್ದನ್ನು ಈ ಊರು ಇನ್ನೂ ಮರೆತಿಲ್ಲ. ಆವತ್ತು ರಾತ್ರಿ ಅಜ್ಜನ ಮನೆಯ ದೀಪ ಬೇಗ ಆರಿತ್ತು.

ಈಗ ಕ್ವಾರ್ಟರ್‌ಬ್ಯಾಕ್‌ಗಳು. ಲ್ಯಾಂಬೋ ಕಾಲದವರನ್ನು ಈ ಪಟ್ಟಿಗೆ ಸೇರಿಸುವುದು ಕಷ್ಟ. ಆಗ ಚೆಂಡು ಎಸೆಯುತ್ತಿದ್ದವರು ಟೇಲ್‌ಬ್ಯಾಕ್ ಅನ್ನುವ ಬೇರೆ ಜಾಗದ ಆಟಗಾರರು. ಸೆಸಿಲ್ ಇಸ್ಬೆಲ್ ಐದೇ ಸೀಸನ್ ಆಡಿ, ಅಬ್ಬರದಲ್ಲಿದ್ದಾಗಲೇ 1942ರಲ್ಲಿ ಬಿಟ್ಟು ಹೋದ. ಇನ್ನೂ ನಾಲ್ಕು ವರ್ಷ ಇದ್ದಿದ್ದರೆ ಈ ಬರಹದ ಲೆಕ್ಕವೇ ಬೇರೆಯಾಗುತ್ತಿತ್ತು.

ಉಳಿದದ್ದು ಮೂವರು. ಬಾರ್ಟ್ ಸ್ಟಾರ್, ಬ್ರೆಟ್ ಫಾರ್ವ್, ಆ್ಯರನ್ ರಾಜರ್ಸ್. (ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದರೆ ಫಾವ್ರೆ ಅಂತಾಗುತ್ತದೆ. ನಾನು ಮೊದಲ ವರ್ಷ ಆಫೀಸಿನಲ್ಲಿ ಹಾಗೇ ಅಂದು ನಗೆಪಾಟಲಾಗಿದ್ದೆ.)

ಕೈಚಳಕ ಮಾತ್ರ ನೋಡಿದರೆ ರಾಜರ್ಸ್ ಮೊದಲು. ನಾಲ್ಕು ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ ಪ್ರಶಸ್ತಿ: 2011, 2014, 2020, 2021. ನಾನು ಇಲ್ಲಿಗೆ ಬಂದದ್ದು 2010ರಲ್ಲಿ. ಆ ಸೀಸನ್ನಿನಲ್ಲೇ ತಂಡ ಆರನೇ ಶ್ರೇಯಾಂಕದಿಂದ ಪ್ಲೇಆಫ್‌ಗೆ ಹೋಗಿ, ಮೂರು ಆಟ ಪರಸ್ಥಳದಲ್ಲೇ ಗೆದ್ದು, ಸೂಪರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗನ್ನು 31-25ರಲ್ಲಿ ಸೋಲಿಸಿತು. ಅಜ್ಜನ ನೆಲಮಾಳಿಗೆಯಲ್ಲಿ ಕೂತು ನೋಡಿದ್ದೆ. ನನಗೆ ನಿಯಮ ಅರ್ಧವೂ ಗೊತ್ತಿರಲಿಲ್ಲ. ಆದರೂ ರಾಜರ್ಸ್ ಎಸೆದ ಚೆಂಡು ಇಬ್ಬರು ಎದುರಾಳಿಗಳ ನಡುವಿನ ಗೇಣಗಲ ಜಾಗದಲ್ಲಿ ನುಗ್ಗುವುದನ್ನು ನೋಡಿದರೆ, ವಿಶ್ವನಾಥ್ ಸ್ಕ್ವೇರ್ ಕಟ್ ಬಗ್ಗೆ ಅಪ್ಪ ಹೇಳುವ ಮಾತು ನೆನಪಾಗುತ್ತಿತ್ತು.

ಆದರೂ ಒಂದನೇ ಜಾಗ ಸ್ಟಾರ್‌ಗೆ. ತಂಡಗಳು ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 1956ರಲ್ಲಿ, ಅವನು 200ನೆಯವನಾಗಿ ಬಂದವನು. ಲೊಂಬಾರ್ಡಿ ಬಂದಾಗ ಅವನನ್ನು ಮೊದಲ ಆಯ್ಕೆ ಅಂತೇನೂ ಇಟ್ಟುಕೊಳ್ಳಲಿಲ್ಲ. ಒಮ್ಮೆ ಅಭ್ಯಾಸದಲ್ಲಿ ಎಲ್ಲರ ಮುಂದೆ ಬೈದ. ಸ್ಟಾರ್ ಆಮೇಲೆ ಅವನ ಕೋಣೆಗೆ ಹೋಗಿ, ಬೈಯುವುದಿದ್ದರೆ ಇಲ್ಲಿ ಬೈಯಿರಿ, ಹುಡುಗರ ಮುಂದೆ ಬೈದರೆ ನಾನು ಅವರನ್ನು ನಡೆಸುವುದು ಹೇಗೆ ಅಂತ ಕೇಳಿದ. ಲೊಂಬಾರ್ಡಿ ಮತ್ತೆ ಹಾಗೆ ಮಾಡಲಿಲ್ಲ. ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರಿಗೆ ಯಾರಾದರೂ ಹೀಗೆ ಹೇಳಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ನಕ್ಕಿದ್ದೇನೆ.

ಸ್ಟಾರ್ ಕಾಲದಲ್ಲಿ ಹೆಲ್ಮೆಟ್ಟಿನಲ್ಲಿ ರೇಡಿಯೋ ಇರಲಿಲ್ಲ. ವಾರವಿಡೀ ಕೋಚ್ ತಲೆಗೆ ತುಂಬಿದ್ದನ್ನು ನೆನಪಿಟ್ಟು, ಯಾವ ನಡೆ ಅಂತ ಅವನೇ ಹೇಳಬೇಕಿತ್ತು. 1967ರ ಡಿಸೆಂಬರ್ 31, ಡಲ್ಲಾಸ್ ಎದುರು ಎನ್‌ಎಫ್‌ಎಲ್ ಫೈನಲ್. ಮೈನಸ್ 25 ಡಿಗ್ರಿ ಸೆಲ್ಸಿಯಸ್. ನೆಲದಡಿ ಹಾಕಿಸಿದ್ದ ಬಿಸಿ ತಂತಿ ಕೈಕೊಟ್ಟು ಮೈದಾನ ಕಲ್ಲಾಗಿತ್ತು. ರೆಫ್ರಿಗಳ ಸೀಟಿ ತುಟಿಗೇ ಅಂಟಿಕೊಂಡಿತ್ತು. 17-14ರಲ್ಲಿ ಹಿಂದಿದ್ದಾರೆ. ಅಂಕದ ಗೆರೆ ದಾಟಲು ಒಂದು ಗಜವೂ ಇಲ್ಲ, ಉಳಿದದ್ದು 16 ಸೆಕೆಂಡ್. ಸ್ಟಾರ್ ಓಡಿಬಂದು, ಓಡುವವರ ಕಾಲು ಜಾರುತ್ತಿದೆ, ನಾನೇ ನುಗ್ಗುತ್ತೇನೆ ಅಂತ ಲೊಂಬಾರ್ಡಿಗೆ ಹೇಳಿದ. ಲೊಂಬಾರ್ಡಿ ಸರಿ, ಮುಗಿಸು, ಮನೆಗೆ ಹೋಗೋಣ ಅನ್ನುವ ಅರ್ಥದಲ್ಲಿ ಒರಟಾಗಿ ಏನೋ ಅಂದ. ಸ್ಟಾರ್ ನುಗ್ಗಿದ, ತಂಡ ಗೆದ್ದಿತು. ಆವತ್ತು ತಾನು ಹದಿಮೂರರ ಹುಡುಗ, ಅಪ್ಪನ ಪಕ್ಕ ಕೂತಿದ್ದೆ ಅಂತ ಅಜ್ಜ ಹೇಳುತ್ತಾರೆ. ಕ್ರೀಡಾಂಗಣದಲ್ಲಿ ಇದ್ದದ್ದು 50 ಸಾವಿರ ಜನ. ವಿಸ್ಕಾನ್ಸಿನ್‌ನ ಅಜ್ಜಂದಿರ ಮಾತು ನಂಬಿದರೆ ಎರಡು ಲಕ್ಷ ಜನ ಇದ್ದಿರಬೇಕು.

ಆ ಒಂದು ಗಜ ಕೋಚ್ ಲೆಕ್ಕಕ್ಕೋ, ಕ್ವಾರ್ಟರ್‌ಬ್ಯಾಕ್ ಲೆಕ್ಕಕ್ಕೋ? ನನ್ನ ಜೋಡೆತ್ತಿನ ವಾದಕ್ಕೆ ಇನ್ನೊಂದು ಪುರಾವೆಯೂ ಇದೆ. ಇದೇ ಸ್ಟಾರ್ 1975ರಿಂದ 1983ರವರೆಗೆ ಇದೇ ತಂಡದ ಕೋಚ್ ಆಗಿದ್ದ. ಒಂಬತ್ತು ವರ್ಷ, ಲೊಂಬಾರ್ಡಿಗೆ ಸಿಕ್ಕಷ್ಟೇ ವರ್ಷ. ಪ್ಲೇಆಫ್ ಒಂದೇ ಸಲ. ತಲೆ ಅದೇ, ಊರು ಅದೇ. ಅವನಿಗೆ ಇನ್ನೊಬ್ಬ ಸ್ಟಾರ್ ಸಿಗಲಿಲ್ಲ ಅಷ್ಟೇ.

ಫಾರ್ವ್ ನನ್ನ ಪಟ್ಟಿಯಲ್ಲಿ ಮೂರು. ಗ್ರೀನ್ ಬೇ ಪರವಾಗಿ ಸತತ 253 ಆಟಕ್ಕೆ ಇಳಿದವನು, ಮೂರು ವರ್ಷ ಸಾಲಾಗಿ ಎಂವಿಪಿ. ಅವನ ಆಟದಲ್ಲಿದ್ದ ಮಜಾ ರಾಜರ್ಸ್‌ನಲ್ಲಿ ಇಲ್ಲ, ಒಪ್ಪುತ್ತೇನೆ. ಆದರೆ ಎದುರಾಳಿ ಕೈಗೆ ಎಸೆದದ್ದೂ ಒಟ್ಟು 336 ಸಲ. ಅಜ್ಜ ಅವನನ್ನು ಮೂರಕ್ಕೆ ಇಳಿಸುವುದು ಬೇರೆ ಕಾರಣಕ್ಕೆ. 2009ರಲ್ಲಿ ಅವನು ಬದ್ಧವೈರಿ ಮಿನೆಸೋಟ ತಂಡಕ್ಕೆ ಹೋದ. ರಾಬಿನ್ ಉತ್ತಪ್ಪ ಕರ್ನಾಟಕ ಬಿಟ್ಟು ಸೌರಾಷ್ಟ್ರಕ್ಕೆ, ಅಲ್ಲಿಂದ ಕೇರಳಕ್ಕೆ ಹೋದಾಗ ನಮ್ಮ ಮನೆಯಲ್ಲಿ ಯಾರೂ ಊಟ ಬಿಡಲಿಲ್ಲ. ಇಲ್ಲಿ ಅಂಗಿ ಸುಟ್ಟರು. ಫಾರ್ವ್ ಅಂಗಿಯ ನಂಬರ್ ನಾಲ್ಕನ್ನು 2015ರಲ್ಲಿ ಗೌರವದಿಂದ ನಿವೃತ್ತಿ ಮಾಡಿದಾಗ ಅದೇ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಜ್ಜ ಟಿವಿಯ ಮುಂದೆ ಕೂತೇ ಇದ್ದರು.

ನಾಲ್ಕನೇ ಸಾಲಿನ ಕಥೆ ಇನ್ನೂ ನಡೆಯುತ್ತಿದೆ. 2023ರಲ್ಲಿ ರಾಜರ್ಸ್ ಹೋದ ಮೇಲೆ ಜೋರ್ಡನ್ ಲವ್ ಬಂದ. ಮೂರು ವರ್ಷ ಬೆಂಚಿನಲ್ಲಿ ಕೂತಿದ್ದ ಹುಡುಗ. ಆ ಸೀಸನ್ನಿನ ಪ್ಲೇಆಫ್‌ನಲ್ಲಿ ಡಲ್ಲಾಸ್ ಊರಿಗೇ ಹೋಗಿ 48-32ರಲ್ಲಿ ಗೆದ್ದುಬಂದ. ಲಫ್ಲೋರ್ ಮೊದಲ ಮೂರು ಸೀಸನ್ನಿನಲ್ಲೇ 39 ಆಟ ಗೆದ್ದವನು, ಆದರೆ ಆಗ ಜೊತೆಗಿದ್ದದ್ದು ರಾಜರ್ಸ್. ಈ ಹೊಸ ಜೋಡಿಯನ್ನು ಎಲ್ಲಿಡಬೇಕು ಅಂತ ನಮ್ಮಿಬ್ಬರಿಗೂ ಗೊಂದಲ. ಉಳಿದವರ ಹೆಸರೆಲ್ಲ ಅಜ್ಜ ಹಸಿರು ಮಾರ್ಕರ್‌ನಲ್ಲಿ ಬರೆಯುತ್ತಾರೆ. ಇವರಿಬ್ಬರದು ಪೆನ್ಸಿಲ್‌ನಲ್ಲಿ. ಫ್ರಿಜ್ಜಿನ ಮೇಲೆ ರಬ್ಬರೂ ಇದೆ.