ಹೆಣ್ಣಿಲಿ, ರಾತ್ರಿ ಪಾಳಿ: ಔಷಧ ಪರೀಕ್ಷೆಗೆ ಎರಡನ್ನೂ ಕಡ್ಡಾಯ ಮಾಡಬೇಕೇ?

ಪರ

ಶಿರಸಿ ಕಡೆಯ ಹಳೇ ಮನೆಗಳಲ್ಲಿ ಮಲಗಿದವರಿಗೆ ಗೊತ್ತು, ಅಟ್ಟದ ಮೇಲೆ ಇಲಿಗಳ ಓಡಾಟ ಶುರುವಾಗುವುದೇ ದೀಪ ಆರಿಸಿದ ಮೇಲೆ. ಲ್ಯಾಬಿನ ಬಿಳಿ ಇಲಿಯದೂ ಅದೇ ಚಾಳಿ. ಆದರೆ ಉತ್ತೇಜಕ ಔಷಧಗಳ ಪರೀಕ್ಷೆ ಹೆಚ್ಚಾಗಿ ನಡೆಯುವುದು ಹಗಲಲ್ಲಿ, ನಮ್ಮ ಆಫೀಸ್ ಟೈಮಿನಲ್ಲಿ. ಮಲಗಿದ್ದ ಪ್ರಾಣಿಗೆ ಆಂಫೆಟಮಿನ್‌ನಂಥ ಉತ್ತೇಜಕ ಚುಚ್ಚಿ, ಎಷ್ಟು ಓಡಿತು ಎಂದು ಎಣಿಸುತ್ತಾರೆ. ಇಂಥ ಔಷಧ ಕೆಲಸ ಮಾಡುವುದು ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಮೂಲಕ, ಅದು ಹೊತ್ತಿಗೆ ತಕ್ಕಂತೆ ಏರಿಳಿಯುತ್ತದೆ. ಹಾಗಿರುವಾಗ ಹಗಲಿನ ಲೆಕ್ಕ ರಾತ್ರಿಗೂ ಸರಿ ಎಂದು ಹೇಗೆ ನಂಬುವುದು?

ಹೆಣ್ಣಿಲಿಯ ಕಥೆ ಇನ್ನೂ ಬೇಸರದ್ದು. ಅದರ ಹಾರ್ಮೋನ್ ಚಕ್ರ ನಾಲ್ಕೈದು ದಿನದ್ದು, ಫಲಿತಾಂಶ ಕೆಡುತ್ತದೆ ಎಂದು ದಶಕಗಟ್ಟಲೆ ಗಂಡಿಲಿಗಳನ್ನೇ ಬಳಸಿದರು. ಸುಂಡಿಲಿಗಳ ಬಗೆಗಿನ 293 ಪ್ರಬಂಧಗಳನ್ನು ಒಟ್ಟುಹಾಕಿ 2014ರಲ್ಲಿ ನೋಡಿದಾಗ, ಹೆಣ್ಣಿನ ಫಲಿತಾಂಶದ ಏರುಪೇರು ಗಂಡಿಗಿಂತ ಜಾಸ್ತಿ ಇರಲೇ ಇಲ್ಲ! ಇತ್ತ ಆಂಫೆಟಮಿನ್, ಕೊಕೇನ್ ಕೊಟ್ಟರೆ ಸಾಮಾನ್ಯವಾಗಿ ಹೆಣ್ಣಿಲಿಯೇ ಹೆಚ್ಚು ಓಡುತ್ತದೆ. ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಡೋಪಮಿನ್ ಬಿಡುಗಡೆಯನ್ನು ಹೆಚ್ಚಿಸುವುದೂ ಇದಕ್ಕೊಂದು ಕಾರಣ.

ಇದು ಇಲಿಗಷ್ಟೇ ಸಂಬಂಧಿಸಿದ ಮಾತಲ್ಲ. ಜೋಲ್ಪಿಡೆಮ್ ಎಂಬ ನಿದ್ದೆ ಮಾತ್ರೆ ಹೆಂಗಸರ ಮೈಯಿಂದ ನಿಧಾನವಾಗಿ ಇಳಿಯುತ್ತದೆ, ಬೆಳಿಗ್ಗೆ ಗಾಡಿ ಓಡಿಸುವಾಗಲೂ ಮಂಪರು ಉಳಿದಿರಬಹುದು. ಅಮೆರಿಕದಲ್ಲಿ ಅವರ ಡೋಸ್ 10 ಮಿಲಿಗ್ರಾಂನಿಂದ 5ಕ್ಕೆ ಇಳಿದದ್ದು 2013ರಲ್ಲಿ, ಮಾತ್ರೆಗೆ ಒಪ್ಪಿಗೆ ಸಿಕ್ಕಿ 20 ವರ್ಷವಾದ ಮೇಲೆ. ಕಾರವಾರದ ಔಷಧಿ ಅಂಗಡಿಗಳಲ್ಲಿ ಮಾತ್ರೆ ಕೊಳ್ಳುವವರಲ್ಲಿ ಹೆಂಗಸರೂ ಇದ್ದಾರೆ, ಅಲ್ವಾ? ಅವರಿಗೂ ಸೇರಿಸಿ ಮೊದಲೇ ಪರೀಕ್ಷೆ ಆಗಲಿ.

ವಿರೋಧ

ವ್ಯತ್ಯಾಸ ಇರುವುದು ನಿಜ. ನನ್ನ ತಕರಾರು ಕಡ್ಡಾಯದ ಬಗ್ಗೆ.

12 ಇಲಿಗಳನ್ನು ಗಂಡು-ಹೆಣ್ಣು, ಹಗಲು-ರಾತ್ರಿ ಎಂದು ಹಂಚಿದರೆ ಗುಂಪಿಗೆ ಉಳಿಯುವುದು ಮೂರೇ. ಮೂರು ಇಲಿ ನೋಡಿ ಯಾವ ವ್ಯತ್ಯಾಸವನ್ನೂ ಗಟ್ಟಿಯಾಗಿ ಹೇಳಲಾಗದು. ಹೇಳಬೇಕೆಂದರೆ ಇಲಿಗಳ ಸಂಖ್ಯೆ ಹೆಚ್ಚಿಸಬೇಕು. ಪ್ರಯೋಗ ಮುಗಿದ ಮೇಲೆ ಸಾಮಾನ್ಯವಾಗಿ ಅವುಗಳನ್ನು ಕೊಲ್ಲುತ್ತಾರೆ. ಹಾಗಾಗಿ ಸುಮ್ನೆ ನಿಯಮ ಪಾಲಿಸಲು ಪ್ರಾಣಿ ಬಲಿಯಾಗುವುದು ನನಗೆ ಒಪ್ಪಿಗೆಯಿಲ್ಲ.

ಎಣಿಕೆಯದ್ದೂ ಒಂದು ತೊಡಕು ಇದೆ. ಪೆಟ್ಟಿಗೆಯೊಳಗಿನ ಇನ್ಫ್ರಾರೆಡ್ ಕಿರಣಗಳನ್ನು ಇಲಿ ಎಷ್ಟು ಸಲ ದಾಟಿತು ಎಂದು ಯಂತ್ರ ಎಣಿಸುತ್ತದೆ. ಆಂಫೆಟಮಿನ್ ಜಾಸ್ತಿಯಾದಾಗ ಇಲಿ ಓಡುವುದನ್ನೇ ಬಿಟ್ಟು, ನಿಂತಲ್ಲೇ ತಲೆ ಆಡಿಸುತ್ತಾ ಮೂಸತೊಡಗುತ್ತದೆ. ಯಂತ್ರದ ಲೆಕ್ಕದಲ್ಲಿ ಅದು ಶಾಂತವಾಗಿದೆ! ಕಣ್ಣಿಟ್ಟು ನೋಡುವವರು ಇಲ್ಲದಿದ್ದರೆ ರಾತ್ರಿ ಪಾಳಿ ಹಾಕಿಯೂ ಉಪಯೋಗವಿಲ್ಲ.

ಇನ್ನು ನಮ್ಮ ಜಿಲ್ಲೆಯ ಸ್ಥಿತಿ. ಹಗಲನ್ನು ಇಲಿಗೆ ರಾತ್ರಿ ಮಾಡಲು ದೀಪದ ಟೈಮರ್ ತಿರುಗಿಸಿ, ಮಂದ ಕೆಂಪು ಬೆಳಕಿನಲ್ಲಿ ಕೆಲಸ ಮಾಡಬೇಕು. ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಆ ಲಯವೇ ತಪ್ಪುತ್ತದೆ. ಬ್ಯಾಕಪ್ ಇಲ್ಲದ ಸಣ್ಣ ಕಾಲೇಜಿನವರು ಏನು ಮಾಡಬೇಕು?

ಕಡ್ಡಾಯ ಮಾಡಲೇಬೇಕಿದ್ದರೆ ದಾಖಲಿಸುವುದನ್ನು ಕಡ್ಡಾಯ ಮಾಡಿ. ಗಂಡೋ ಹೆಣ್ಣೋ, ದೀಪ ಹತ್ತಿ ಎಷ್ಟು ಗಂಟೆಗೆ ಮದ್ದು ಚುಚ್ಚಿದರು ಎಂಬುದು ಪ್ರತಿ ಪ್ರಬಂಧದಲ್ಲೂ ಇರಲಿ.