ಬಿಳಿಮೀನಿನ ಲೆಕ್ಕ ಇಟ್ಟವರು ಗಾಳದವರೇ

'ಗಾಳ ಹಾಕಿ ಮೀನು ಹಿಡಿದು ಮತ್ತೆ ಹೊಳೆಗೆ ಬಿಡುವ ಶೋಕಿ ನಿಂತಿದ್ದರಿಂದಲೇ ಕಾವೇರಿಯ ಮಹಶೀರ್ ಎಂಬ ದೊಡ್ಡ ಮೀನು ಉಳಿಯಿತು' ಎಂದು ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ಯಾವ ಮಹಶೀರ್ ಅಂತ ಮೊದಲು ಹೇಳಬೇಕು, ಅಲ್ವಾ? ನಮ್ಮ ಹೊಳೆಯದೇ ಆದ ಮೀನು ಗೂನುಬೆನ್ನಿನ, ಕಿತ್ತಳೆ ಬಣ್ಣದ ಬಾಲದ ಬಿಳಿಮೀನು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನದು ಇದೇ ಜಾತಿ. 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್ ಇದನ್ನು ತೀರಾ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಈಗ ಕಾವೇರಿಯಲ್ಲಿ ಜಾಸ್ತಿ ಇರುವುದು ನೀಲಿ ರೆಕ್ಕೆಯ ಮಹಶೀರ್, ಹೊರಗಿನಿಂದ ಮರಿ ತಂದು ಬಿಟ್ಟಿದ್ದು.

ಈ ಕಥೆ ಹೊರಗೆ ಬಂದದ್ದೇ ಗಾಳ ಹಾಕುವವರಿಂದ. ಕಾವೇರಿ ದಡದ ಗಾಲಿಬೋರೆ ಗಾಳದ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದ ಮೀನುಗಳನ್ನು ಬರೆದಿಟ್ಟಿದ್ದರು. ಬಿಳಿಮೀನು ಕರಗುತ್ತಾ ಹೋಗಿದ್ದನ್ನು ಸಂಶೋಧಕರು ಆ ಪುಸ್ತಕಗಳಲ್ಲಿ ಕಂಡರು. ಗಾಳ ನಿಂತ ಮೇಲೆ ಆ ಲೆಕ್ಕವೂ ನಿಂತಿತು.

ನಮ್ಮ ಸೋದರಮಾವ ಇಂಥದ್ದೇ ಒಂದು ಶಿಬಿರದಲ್ಲಿ ತೆಪ್ಪ ನಡೆಸುತ್ತಿದ್ದರು. ನಿಂಬೆಹಣ್ಣಿನಷ್ಟು ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಮೆತ್ತುತ್ತಿದ್ದರು. ಮೀನು ಸಿಕ್ಕರೆ ಸೊಂಟದುದ್ದ ನೀರಿನಲ್ಲಿ ನಿಂತು, ಅದರ ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ಕಿವಿರು ಸರಿಯಾಗಿ ಆಡುವವರೆಗೆ ಕಾಯುತ್ತಿದ್ದರು. ಅದು ತಾನಾಗಿ ಬಾಲ ಬಡಿದು ಹೋಗಬೇಕು, ಸುಮ್ನೆ ಎಸೆಯುವ ಹಾಗಿಲ್ಲ. ರಾತ್ರಿ ಹೊಳೆಯಲ್ಲಿ ಮೀನುಗಳ್ಳರ ಸಿಡಿಮದ್ದಿನ ಸದ್ದು ಕೇಳಿದರೆ ಮೊದಲು ಓಡುತ್ತಿದ್ದವರೂ ಇವರೇ.

ಗಾಳದಿಂದ ಮೀನಿಗೆ ನೋವಾಗುತ್ತದೆ, ಆ ಮಾತು ನಿಜ. ಆದರೆ ಸಿಡಿಮದ್ದು ಮರಿಯನ್ನೂ ಬಿಡುವುದಿಲ್ಲ. ಕಾವೇರಿ ಕಣಿವೆಯ ಮೋಯಾರ್ ಹೊಳೆಯಲ್ಲಿ ಬಿಳಿಮೀನು ಇನ್ನೂ ಇದೆ, ದಯವಿಟ್ಟು ಅದರ ಬಗ್ಗೆಯೂ ಬರೆಯಿರಿ.